ಲೆಕ್ಕ ಮತ್ತು ಇತರೆ ವಿಷಯಗಳು

ಗೇಟಿಗೆ ತಂತಿಯಲ್ಲಿ ಬಿಗಿದಿದ್ದ ತಗಡಿನ ಬೋರ್ಡು. ಹಸಿರಿನ ಮೇಲೆ ಬಿಳಿ ಅಕ್ಷರ: ‘ಪಿಯುಸಿ, ಬಿ.ಕಾಂ. ವಿದ್ಯಾರ್ಥಿಗಳಿಗೆ ಲೆಕ್ಕ, ಅಕೌಂಟೆನ್ಸಿ ಮತ್ತು ಇತರೆ ವಿಷಯಗಳನ್ನು ಹೇಳಿಕೊಡಲಾಗುವುದು.’ 1997ರ ಆಷಾಢ, ಮೈಸೂರಿನ ಸರಸ್ವತಿಪುರಂ, ಜಿಟಿಜಿಟಿ ಮಳೆ. ನನ್ನ ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಪಿಎಚ್.ಡಿ.ಯ ಎರಡು ಅಧ್ಯಾಯಗಳಿದ್ದವು. ಹುಡುಕಿಕೊಂಡು ಬಂದದ್ದು ಇಂಗ್ಲಿಷ್ ಮೇಷ್ಟ್ರೊಬ್ಬರ ಮನೆಯನ್ನು. ಅವರು ಮಗನ ಜೊತೆ ಪುಣೆಗೆ ಹೋಗಿ ಆರು ತಿಂಗಳಾಯಿತು ಎಂದು ಪಕ್ಕದ ಮನೆಯಾಕೆ ಹೇಳಿದರು. ವಾಪಸು ಹೊರಟವನ ಕಣ್ಣಿಗೆ ಎದುರು ಮನೆಯ ಈ ಬೋರ್ಡು ಬಿತ್ತು. ‘ಇತರೆ ವಿಷಯಗಳು’ ಅನ್ನುವುದರೊಳಗೆ ಏನೇನು ಹಿಡಿಸಬಹುದು ಎಂದು ಲೆಕ್ಕ ಹಾಕುತ್ತ ಗೇಟಿನ ಮುಂದೆ ನಿಂತೆ.

ಟ್ಯೂಷನ್ ನನಗೆ ಹೊಸದಾಗಿರಲಿಲ್ಲ. ನಾಗಮಂಗಲ ತಾಲ್ಲೂಕಿನ ನಮ್ಮೂರಿನಲ್ಲಿ ಎಸ್ಸೆಸ್ಸೆಲ್ಸಿ ವರ್ಷ ಲೆಕ್ಕದ ಮೇಷ್ಟ್ರು ತಮ್ಮ ಜಗಲಿಯ ಮೇಲೆ ಲಾಟೀನಿಟ್ಟುಕೊಂಡು ನಮ್ಮ ಆರು ಜನಕ್ಕೆ ಪಾಠ ಹೇಳುತ್ತಿದ್ದರು. ಫೀಸು ಅಂತ ಗೊತ್ತುಪಡಿಸಿದ್ದೇನೂ ಇಲ್ಲ. ಅವರೆಕಾಯಿ ಕಾಲಕ್ಕೆ ಅವರೆಕಾಯಿ, ಸುಗ್ಗಿಗೆ ನಾಲ್ಕು ಸೇರು ರಾಗಿ, ಹಬ್ಬಕ್ಕೆ ತೆಂಗಿನಕಾಯಿ. ಲೆಕ್ಕಕ್ಕೆ ಮನೆಪಾಠ, ಇಂಗ್ಲಿಷಿಗೆ ಮನೆಪಾಠ ಸರಿ. ಬರೆಯುವುದಕ್ಕೆ ಮನೆಪಾಠವೆಂದರೆ ಯಾರಾದರೂ ನಕ್ಕಾರು. ಪ್ರಬಂಧವೆಂದರೆ ನಮಗೆ ಬಾಯಿಪಾಠ. ಹಸುವಿನ ಮೇಲೊಂದು, ಗ್ರಂಥಾಲಯದ ಮಹತ್ವದ ಮೇಲೊಂದು, ರಾಷ್ಟ್ರೀಯ ಹಬ್ಬಗಳ ಮೇಲೊಂದು ಕಲಿತು ಹೋದರೆ ಪರೀಕ್ಷೆಯಲ್ಲಿ ಏನು ಕೇಳಿದರೂ ಈ ಮೂರರಲ್ಲಿ ಒಂದಕ್ಕೆ ತಿರುಗಿಸಿ ಬರೆಯಬಹುದಿತ್ತು. ಹಸುವಿಗೆ ನಾಲ್ಕು ಕಾಲು ಎಂದು ನಿನಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಎಂ.ಎ. ಮುಗಿಯುವವರೆಗೂ ಕೇಳಲಿಲ್ಲ. ಆಮೇಲೆ ಮಹಾಪ್ರಬಂಧ ಬಂತು. ಹೆಸರಿಗೆ ‘ಮಹಾ’ ಸೇರಿತು, ಹಸು ಮಾತ್ರ ಅದೇ.

ನನ್ನ ವಿಷಯ ನಾಗಮಂಗಲ ಸೀಮೆಯ ಹಳೆಯ ಕೆರೆಗಳು, ಅವುಗಳ ಬಗ್ಗೆ ಶಾಸನಗಳು ಏನು ಹೇಳುತ್ತವೆ ಎಂಬುದು. ಮೈಸೂರಿನ ಖಾಸಗಿ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕನಾಗಿದ್ದೆ; ಸಂಶೋಧನೆಗೆ ಹೆಸರು ಬರೆಸಿದ್ದು ಬೇರೆ ಊರಿನಲ್ಲಿ. ಕನ್ನಡದಲ್ಲೇ ಬರೆಯಬಹುದಿತ್ತು. ‘ಇಂಗ್ಲಿಷಿನಲ್ಲಿದ್ದರೆ ನಾಳೆ ಕೆಲಸಕ್ಕೆ ಅನುಕೂಲ’ ಎಂದರು ಗೈಡು, ನಾನು ತಲೆಯಾಡಿಸಿದೆ. ಎರಡು ಅಧ್ಯಾಯ ಬರೆದು ಕಳಿಸಿದ್ದು ಐದು ತಿಂಗಳ ನಂತರ ವಾಪಸು ಬಂತು. ಮೊದಲ ಪುಟದ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಸಾಲು: ‘ಲ್ಯಾಂಗ್ವೇಜ್ ಟು ಬಿ ಇಂಪ್ರೂವ್ಡ್.’ ಎರಡನೇ ಪುಟದಿಂದಾಚೆಗೆ ಒಂದು ಗೀಟೂ ಇರಲಿಲ್ಲ. ನಮ್ಮ ಕಡೆ ಪರೀಕ್ಷೆಗೆ ಓದುವ ಪ್ರಶ್ನೋತ್ತರದ ಪುಸ್ತಕಕ್ಕೂ ಗೈಡ್ ಅಂತಲೇ ಹೆಸರು. ಆ ಗೈಡಿನಲ್ಲಿ ಉತ್ತರವಾದರೂ ಇರುತ್ತಿತ್ತು.

ಹೀಗೆ ನನ್ನ ಹುಡುಕಾಟ ಶುರುವಾಯಿತು. ಸಂಜೆ ಪತ್ರಿಕೆಯ ಸಣ್ಣ ಜಾಹೀರಾತುಗಳನ್ನು ಕತ್ತರಿಸಿಟ್ಟುಕೊಂಡೆ. ಮೊದಲು ಹೋದದ್ದು ನಲವತ್ತೈದು ದಿನದಲ್ಲಿ ಇಂಗ್ಲಿಷ್ ಮಾತಾಡಿಸುವ ಒಂದು ಇನ್‌ಸ್ಟಿಟ್ಯೂಟಿಗೆ. ಹೋಟೆಲಿನಲ್ಲಿ ತಿಂಡಿ ತರಿಸುವುದು, ಡಾಕ್ಟರಿಗೆ ಹೊಟ್ಟೆನೋವು ವಿವರಿಸುವುದು, ಕೆಲಸದ ಸಂದರ್ಶನದಲ್ಲಿ ಕೈಕುಲುಕುವುದು, ಇಷ್ಟಾಯಿತು. ಹದಿನಾಲ್ಕನೆಯ ಶತಮಾನದ ಕೆರೆ ಏರಿಯ ಮಾತು ಎಲ್ಲೂ ಬರಲಿಲ್ಲ. ಎರಡನೆಯವರು ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕರು, ದೊಡ್ಡ ಮನುಷ್ಯರು, ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದರು. ರೆನ್ ಅಂಡ್ ಮಾರ್ಟಿನ್ ವ್ಯಾಕರಣ ತೆರೆದು ಕೂರಿಸಿದರು. ಮೂರು ವಾರದಲ್ಲಿ ನನ್ನ ಮೊದಲ ಪುಟಕ್ಕೆ ಹನ್ನೊಂದು ‘ದಿ’ ಸೇರಿದವು, ನಾಲ್ಕು ‘ಎ’ ಹೋದವು. ಪುಟ ಹೇಳುತ್ತಿದ್ದುದು ಮಾತ್ರ ಹಿಂದೆ ಹೇಳುತ್ತಿದ್ದುದನ್ನೇ. ಏನು ಹೇಳಹೊರಟಿದ್ದೀಯ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ ಎಂಬುದು ಬೇರೆ ಮಾತು.

ಮೂರನೆಯವನು ಸಿಕ್ಕಿದ್ದು ಒಂದು ಡಿಟಿಪಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ನನ್ನ ಚೀಲ ನೋಡಿಯೇ ಅವನಿಗೆ ಎಲ್ಲ ಅರ್ಥವಾಯಿತು. ‘ಕಲಿತು ಏನ್ ಮಾಡ್ತೀರಾ ಸಾರ್, ಟೈಮ್ ವೇಸ್ಟು. ಟಾಪಿಕ್ ಕೊಡಿ. ಚಾಪ್ಟರಿಗೆ 2,000, ರೆಕ್ಸಿನ್ ಬೈಂಡಿಂಗು, ಬಂಗಾರದಕ್ಷರ ಎಲ್ಲ ಸೇರಿ.’ ಗೋಡೆಯ ಶೆಲ್ಫಿನಲ್ಲಿ ಕಡುನೀಲಿ, ಕೆಂಗಂದು ರಟ್ಟಿನ ಪ್ರಬಂಧಗಳು ಸಾಲಾಗಿ ನಿಂತಿದ್ದವು; ಒಂದರ ಸೊಂಟ ಮುರಿದು ಇನ್ನೊಂದನ್ನು ಕಟ್ಟುತ್ತಿದ್ದನೋ ಏನೋ. ನಾನು ಬೈದು ಎದ್ದುಬಂದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ರಾತ್ರಿ ಲೆಕ್ಕ ಹಾಕಿದೆ. ಆರು ಅಧ್ಯಾಯಕ್ಕೆ 12,000 ರೂಪಾಯಿ. ನನ್ನ ತಿಂಗಳ ಸಂಬಳ 1,200. ಮನೆ ಬಾಡಿಗೆ, ಊರಿಗೆ ಕಳಿಸುವುದು ಕಳೆದರೆ ಆರು ವರ್ಷ ಬೇಕು. ಅಂದು ನನ್ನನ್ನು ಉಳಿಸಿದ್ದು ನೀತಿಯಲ್ಲ, ಜೇಬು.

ಇಷ್ಟೆಲ್ಲ ಆದ ಮೇಲೆ ಆ ಹಸಿರು ಬೋರ್ಡಿನ ಮುಂದೆ ನಿಂತದ್ದು. ಗೇಟು ತೆಗೆದವರು ಪಂಚೆ, ಕೈಬನಿಯನ್ನಿನ ಸಣಕಲು ಮುದುಕರು. ಬೀದಿಯವರೆಲ್ಲ ಅವರನ್ನು ಆಡಿಟ್ ರಾಯರು ಎನ್ನುತ್ತಿದ್ದರು. ಇಲ್ಲಿ ನಾನೂ ಅಷ್ಟೇ ಎನ್ನುತ್ತೇನೆ. ಬೆಂಗಳೂರಿನ ಎ.ಜಿ. ಆಫೀಸಿನಲ್ಲಿ ಮೂವತ್ನಾಲ್ಕು ವರ್ಷ ಲೆಕ್ಕಪರಿಶೋಧನೆ ಮಾಡಿ ನಿವೃತ್ತರಾಗಿ ಮೈಸೂರಿಗೆ ಬಂದವರು. ಜಗಲಿಯ ಮೇಲೆ ನಾಲ್ಕು ಬಿ.ಕಾಂ. ಹುಡುಗರು ಟ್ರಯಲ್ ಬ್ಯಾಲೆನ್ಸ್ ಹೊಂದಿಸಲಾರದೆ ಒದ್ದಾಡುತ್ತಿದ್ದರು.

‘ಇತರೆ ವಿಷಯ ಅಂತಿದೆಯಲ್ಲ ಸಾರ್, ಇತಿಹಾಸದ ಥೀಸಿಸ್ ಬರೆಯೋದು ಹೇಳಿಕೊಡ್ತೀರಾ?’

‘ಇತಿಹಾಸ ನಂಗೆ ಗೊತ್ತಿಲ್ಲ’ ಎಂದರು. ‘ತನ್ನಿ, ನೋಡೋಣ.’

ಮೊದಲ ಪುಟ ಓದಿದರು, ಎರಡನೆಯದನ್ನೂ ಓದಿದರು. ನನ್ನ ಬರಹದ ಎರಡನೆಯ ಪುಟ ಓದಿದ ಮೊದಲ ಮನುಷ್ಯ ಅವರು. ಆಮೇಲೆ ತಲೆಯೆತ್ತಿ, ‘ಅಲ್ರೀ, ಇದ್ರಲ್ಲಿ ನಿಮ್ಮ ಅಬ್ಜೆಕ್ಷನ್ ಏನು?’ ಎಂದರು.

ನನಗೆ ಅರ್ಥವಾಗಲಿಲ್ಲ. ‘ಅಬ್ಜೆಕ್ಷನ್ ಏನೂ ಇಲ್ಲ ಸಾರ್.’

‘ಹಾಗಾದ್ರೆ ಯಾಕೆ ಬರೆದ್ರಿ?’

ತಿಂಗಳಿಗೆ 150 ರೂಪಾಯಿ, ಬಿ.ಕಾಂ. ಹುಡುಗರಷ್ಟೇ. ಮಂಗಳವಾರ, ಶುಕ್ರವಾರ ಸಂಜೆ ಆರಕ್ಕೆ. ರಸೀದಿ ಕೊಡುತ್ತಿದ್ದರು. ರಸೀದಿ ಕೊಡುವ ಮನೆಪಾಠದ ಮೇಷ್ಟ್ರನ್ನು ನಾನು ಆಮೇಲೂ ಕಂಡಿಲ್ಲ.

ಅವರ ವಿಧಾನವನ್ನು ಅವರೇ ‘ಹಾಫ್ ಮಾರ್ಜಿನ್’ ಎನ್ನುತ್ತಿದ್ದರು. ಆಡಿಟ್ ಪಾರ್ಟಿಯವರು ಯಾವುದೋ ಇಲಾಖೆಯ ಕಚೇರಿಗೆ ಹೋಗಿ ಕಡತ ನೋಡುವಾಗ ಅನುಮಾನ ಬಂದದ್ದನ್ನು ಹಾಳೆಯ ಅರ್ಧಭಾಗದಲ್ಲಿ ಬರೆದು ಕೊಡುತ್ತಾರೆ. ಉಳಿದರ್ಧ ಇಲಾಖೆಯವರ ಉತ್ತರಕ್ಕೆ ಖಾಲಿ. ಉತ್ತರ ಸರಿಯಿಲ್ಲದಿದ್ದರೆ ಅದು ಬೆಳೆಯುತ್ತ ಬೆಳೆಯುತ್ತ ಕೊನೆಗೆ ಶಾಸನಸಭೆಯ ಮುಂದೆ ಹೋಗುವ ವರದಿಯ ಒಂದು ಪ್ಯಾರಾ ಆಗುತ್ತದೆ. ಆ ಪ್ಯಾರಾದ ಪ್ರತಿ ಮಾತಿಗೂ ಹಿಂದೆ ಒಂದು ಕಾಗದ ಇರಬೇಕು. ಅದಕ್ಕೆ ‘ಕೀ ಡಾಕ್ಯುಮೆಂಟ್’ ಎಂದು ಹೆಸರು. ನಾನೂ ಹಾಗೇ ಬರೆಯಬೇಕು. ಫುಲ್‌ಸ್ಕೇಪ್ ಹಾಳೆಯನ್ನು ಉದ್ದಕ್ಕೆ ಮಡಿಸಿ ಬಲಗಡೆ ನನ್ನ ವಾಕ್ಯ, ಎಡಗಡೆ ಖಾಲಿ. ಎಡಗಡೆಯಲ್ಲಿ ರಾಯರು ಮೊನೆಯಾದ ಪೆನ್ಸಿಲ್ಲಿನಲ್ಲಿ ಕೇಳುತ್ತಿದ್ದರು. ಅವರ ಪ್ರಶ್ನೆಗಳು ನಾಲ್ಕೈದೇ: ಯಾರು? ಯಾವಾಗ? ಎಷ್ಟು? ಯಾರು ಹೇಳಿದ್ದು? ನೀವು ನೋಡಿದಿರಾ?

ಕೊನೆಯದು ನನ್ನನ್ನು ಹೆಚ್ಚು ಕಾಡಿದ್ದು. ನನ್ನ ಅಡಿಟಿಪ್ಪಣಿಗಳನ್ನು ಕಂಡರೆ ನನಗೇ ಹೆಮ್ಮೆಯಿತ್ತು. ‘ಐಬಿಡ್’, ‘ಆಪ್. ಸಿಟ್.’ ಎಂದು ಧಾರಾಳವಾಗಿ ಉದುರಿಸಿದ್ದೆ. ರಾಯರು ಒಂದೊಂದರ ಮೇಲೂ ಬೆರಳಿಟ್ಟು ‘ಇದು ನೋಡಿದಿರಾ?’ ಎನ್ನುತ್ತ ಹೋದರು. ಬಹುಪಾಲು ಬೇರೊಬ್ಬರ ಪುಸ್ತಕದ ಅಡಿಯಿಂದ ಎತ್ತಿದವು. ಮಾರನೆಯ ದಿನ ಗ್ರಂಥಾಲಯಕ್ಕೆ ಹೋಗಿ ಒಂದು ಶಾಸನ ತೆಗೆದು ನೋಡಿದರೆ ಆ ಸಂಖ್ಯೆಯಲ್ಲಿದ್ದದ್ದು ಕೆರೆಯಲ್ಲ, ಒಬ್ಬ ವೀರನಿಗೆ ನಿಲ್ಲಿಸಿದ ಕಲ್ಲು. ಅರ್ಧ ದಿನ ತಲೆಕೆಡಿಸಿಕೊಂಡ ಮೇಲೆ ಹೊಳೆಯಿತು. ಬಿ.ಎಲ್. ರೈಸ್ 1886ರಿಂದ ಹೊರತರುತ್ತ ಹೋದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಒಂದು ಸಂಖ್ಯೆ. 1972ರಿಂದ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದ ಸಂಪುಟಗಳಲ್ಲಿ ಅದೇ ಕಲ್ಲಿಗೆ ಇನ್ನೊಂದು ಸಂಖ್ಯೆ. ಅಷ್ಟೇ ಅಲ್ಲ, ರೈಸ್ ಕಾಲಕ್ಕೆ ನಾಗಮಂಗಲ ಮೈಸೂರು ಜಿಲ್ಲೆಯಲ್ಲಿತ್ತು. ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ನಾನು ಎತ್ತಿಕೊಂಡ ಪುಸ್ತಕದವರು ಹಳೆಯ ಸಂಖ್ಯೆ ಕೊಟ್ಟಿದ್ದರು, ನಾನು ಅದರ ಮುಂದೆ ಹೊಸ ಸಂಪುಟದ ಹೆಸರು ಬರೆದಿದ್ದೆ. ಅಂದರೆ ಅಡ್ಡಗಲ್ಲಿಯಲ್ಲಿ ಇಲ್ಲದ ಮನೆಗೆ ವಿಳಾಸ ಬರೆದಂತೆ. ಒಟ್ಟು ಮೂವತ್ತೇಳು ಟಿಪ್ಪಣಿ ಹೀಗಿದ್ದವು. ಸರಿಮಾಡಲು ಎರಡು ತಿಂಗಳು ಹಿಡಿಯಿತು. ಇಂಗ್ಲಿಷಿಗೂ ಇದಕ್ಕೂ ಏನು ಸಂಬಂಧ ಎಂದು ಆಗಾಗ ಸಿಟ್ಟು ಬರುತ್ತಿತ್ತು.

ಇಂಗ್ಲಿಷಿಗೆ ಬಂದದ್ದು ಬಳಸುದಾರಿಯಲ್ಲಿ. ನನ್ನ ವಾಕ್ಯಗಳೆಲ್ಲ ‘ವಾಸ್ ಬಿಲ್ಟ್’, ‘ವಾಸ್ ಗ್ರಾಂಟೆಡ್’, ‘ವರ್ ಮೇಂಟೇನ್ಡ್’. ವಿದ್ವತ್ತೆಂದರೆ ಹೀಗೇ ಇರಬೇಕು ಎಂದುಕೊಂಡಿದ್ದೆ. ರಾಯರು ಎಡಗಡೆ ‘ಯಾರು?’ ಎಂದು ಬರೆದು ಬರೆದು ಸುಸ್ತಾಗಿ ಒಂದು ದಿನ ಪೆನ್ಸಿಲ್ ಕೆಳಗಿಟ್ಟರು. ‘ಈ ಥರದ ವಾಕ್ಯ ನಾನು ಸರ್ವಿಸಿನುದ್ದಕ್ಕೂ ಓದಿದೀನಿ ಕಣ್ರೀ. ಫೈಲು ಕಳೆದುಹೋಗಿದೆ. ಸಿಮೆಂಟು ಬಳಕೆಯಾಗಿದೆ. ಕಳೆದವನಿಲ್ಲ, ಬಳಸಿದವನಿಲ್ಲ. ತಪ್ಪಿಸಿಕೊಳ್ಳೋರು ಬರೆಯೋ ವ್ಯಾಕರಣ ಇದು. ನಿಮ್ಮ ಕಲ್ಲಿನಲ್ಲಿ ಏನಂತ ಬರೆದಿದೆ?’

ಕಲ್ಲಿನಲ್ಲಿ ಕರ್ತೃ ಸ್ಪಷ್ಟವಾಗಿಯೇ ಇದ್ದ. ಇಂಥವರ ಮಗ ಇಂಥವನು ಕೆರೆ ಕಟ್ಟಿಸಿದ, ಇಂಥ ಗೌಡ ತೂಬು ಇಡಿಸಿದ. ಏಳುನೂರು ವರ್ಷದ ಹಿಂದೆ ಕಲ್ಲುಕುಟಿಗ ಹೆಸರು ಹಿಡಿದು ಹೇಳಿದ್ದನ್ನು ನಾನು ಇಂಗ್ಲಿಷಿಗೆ ತರುವಾಗ ಹೆಸರು ಅಳಿಸಿ ಹಾಕಿದ್ದೆ. ಅಂದಿನಿಂದ ಮೊದಲು ಕನ್ನಡದಲ್ಲಿ ಬಾಯಲ್ಲಿ ಹೇಳಬೇಕು, ಅವರಿಗೆ ಅರ್ಥವಾದರೆ ಆಮೇಲೆ ಇಂಗ್ಲಿಷಿನಲ್ಲಿ ಬರೆಯಬೇಕು ಎಂದು ನಿಯಮವಾಯಿತು. ಬೇಜಾರಿಗೋ ತುಂಟತನಕ್ಕೋ ನಾನು ಹೇಳಿದೆ: ‘ಸಾರ್, ನಿಮ್ಮ ಬೋರ್ಡಿನಲ್ಲೂ ಹೇಳಿಕೊಡಲಾಗುವುದು ಅಂತಿದೆ. ಯಾರು ಹೇಳಿಕೊಡೋದು?’ ಬಿ.ಕಾಂ. ಹುಡುಗರು ಕಿಸಕ್ಕೆಂದರು. ರಾಯರು ಎದ್ದು ಗೇಟಿನವರೆಗೆ ಹೋಗಿ ಬೋರ್ಡನ್ನು ಓದಿಕೊಂಡು ಬಂದರು. ಮುಂದಿನ ಶುಕ್ರವಾರದ ಹೊತ್ತಿಗೆ ‘ಹೇಳಿಕೊಡುತ್ತೇನೆ’ ಎಂದಾಗಿತ್ತು. ಹೊಸ ಅಕ್ಷರಗಳು ಹಳೆಯವಕ್ಕಿಂತ ಬೆಳ್ಳಗೆ ಎದ್ದು ಕಾಣುತ್ತಿದ್ದವು.

ಖಂಡುಗದ ಜಗಳವೊಂದಾಯಿತು. ಶಾಸನದಲ್ಲಿ ಇಷ್ಟು ಖಂಡುಗ ಗದ್ದೆ ಎಂದಿದ್ದದ್ದನ್ನು ನಾನು ಸಲೀಸಾಗಿ ಎಕರೆಗೆ ತಿರುಗಿಸಿಟ್ಟಿದ್ದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಅದು ಧಾನ್ಯದ ಅಳತೆ; ನೆಲದ ಮಾತು ಬಂದಾಗ ಅಷ್ಟು ಬೀಜ ಬಿತ್ತುವಷ್ಟು ಜಾಗ ಎಂದರ್ಥ. ಗದ್ದೆಗೂ ಹೊಲಕ್ಕೂ ಅದು ಒಂದೇ ಅಲ್ಲ. ‘ನಿಮ್ಮ ಎಕರೆ ಎಲ್ಲಿಂದ ಬಂತು?’ ಎಂದರು. ಇನ್ನೊಂದು ಪುಸ್ತಕದಿಂದ ಬಂದಿತ್ತು. ಆ ಪುಸ್ತಕದವರಿಗೆ ಎಲ್ಲಿಂದ ಬಂತು? ಅದನ್ನು ಪುಸ್ತಕ ಹೇಳುತ್ತಿರಲಿಲ್ಲ. ಹೊಡೆದುಹಾಕಿ ಖಂಡುಗವನ್ನು ಖಂಡುಗವೆಂದೇ ಉಳಿಸಿದೆ.

ಆದರೆ ಇಡೀ ಪ್ರಬಂಧವನ್ನು ತಲೆಕೆಳಗು ಮಾಡಿದ್ದು ಬಿತ್ತುವಟ್ಟದ ಅಧ್ಯಾಯ. ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಕೆರೆಯ ಕೆಳಗೇ ಭೂಮಿ ಬಿಟ್ಟುಕೊಡುವ ಪದ್ಧತಿಗೆ ಬಿತ್ತುವಟ್ಟ, ಕಟ್ಟುಗೊಡಗೆ ಎಂದೆಲ್ಲ ಹೆಸರುಗಳಿವೆ. ಅಂಥ ದಾನಶಾಸನಗಳನ್ನು ರಾಶಿ ಹಾಕಿ, ಆದ್ದರಿಂದ ಆ ಕಾಲದಲ್ಲಿ ಕೆರೆಗಳು ಸುಸ್ಥಿತಿಯಲ್ಲಿದ್ದವು ಎಂದು ಮುಗಿಸಿದ್ದೆ. ಎಷ್ಟೋ ಪುಸ್ತಕಗಳು ಹಾಗೇ ಮುಗಿಸುತ್ತವೆ. ರಾಯರು ಎರಡು ಸಲ ಓದಿ ಎಡಗಡೆ ಬರೆದರು: ‘ಗ್ರಾಂಟ್ ಕೊಟ್ಟದ್ದಕ್ಕೆ ದಾಖಲೆ ಇದೆ. ಕೆಲಸ ಆದದ್ದಕ್ಕೆ? ಯುಟಿಲೈಜೇಷನ್ ಸರ್ಟಿಫಿಕೇಟ್ ಎಲ್ಲಿ?’

ನಾನು ನಕ್ಕೆ. ಅವರು ನಗಲಿಲ್ಲ. ‘ಹಣ ಬಿಡುಗಡೆ ಆಯ್ತು, ಹಾಗಾಗಿ ರಸ್ತೆ ಆಗಿದೆ ಅಂತ ಇಲಾಖೆಯೋರು ಬರೀತಾರೆ. ನಾವು ಹೋಗಿ ನೋಡಿದ್ರೆ ಅಲ್ಲಿ ಜಾಲಿಮರ ಇರುತ್ತೆ. ನಿಮ್ಮ ರಾಜ ಭೂಮಿ ಬಿಟ್ಟ. ಸರಿ. ತಗೊಂಡೋನು ಹೂಳು ಎತ್ತಿದನೇ?’

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಒಂದು ವರ್ಷ ಹೋಯಿತು. ಏರಿ ಒಡೆದು ಮತ್ತೆ ಕಟ್ಟಿಸಿದ್ದನ್ನು ಹೇಳುವ ಶಾಸನಗಳನ್ನು ಬೇರೆ ಮಾಡಿದೆ. ಒಂದೇ ಕೆರೆಗೆ ಎರಡನೆಯ ಸಲ ಭೂಮಿ ಬಿಟ್ಟಿದ್ದರೆ ಮೊದಲನೆಯದು ಏನಾಯಿತು ಎಂದು ಕೇಳತೊಡಗಿದೆ. ಆ ಹೊತ್ತಿನಲ್ಲಿ ಪೋರುಮಾಮಿಳ್ಳ ಶಾಸನವನ್ನು ರಾಯರಿಗೆ ಓದಿ ಹೇಳಿದ್ದು ಚೆನ್ನಾಗಿ ನೆನಪಿದೆ. ಕಡಪ ಜಿಲ್ಲೆಯದು, 1369ರದು. ವಿಜಯನಗರದ ಬುಕ್ಕನ ಮಗ ಭಾಸ್ಕರ ಕಟ್ಟಿಸಿದ ಕೆರೆ. ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ಕೆರೆಗೆ ಬರುವ ಆರು ದೋಷಗಳು ಎಲ್ಲವನ್ನೂ ಅದು ಪಟ್ಟಿಮಾಡುತ್ತದೆ: ಏರಿಯಲ್ಲಿ ನೀರು ಒಸರುವುದು, ಸವುಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ನಡುವೆ ಉಬ್ಬಿರುವುದು, ನೀರು ಕಡಿಮೆಯಾಗಿ ಗದ್ದೆ ಹೆಚ್ಚಾಗಿರುವುದು, ಗದ್ದೆ ಕಡಿಮೆಯಾಗಿ ನೀರು ಹೆಚ್ಚಾಗಿರುವುದು. ದಿನಕ್ಕೆ ಸಾವಿರ ಆಳು, ಕಲ್ಲು ಹೊರಲು ನೂರು ಗಾಡಿ, ಎರಡು ವರ್ಷ ಎಂದು ಲೆಕ್ಕವೂ ಇದೆ. ರಾಯರ ಮುಖ ಅರಳಿತು. ‘ಇವನು ನಮ್ಮೋನು’ ಎಂದರು. ಆಮೇಲೆ ಪೆನ್ಸಿಲ್ ತೆಗೆದು ಸಾವಿರವನ್ನು ಏಳುನೂರ ಮೂವತ್ತರಿಂದ ಗುಣಿಸಿ, ‘7,30,000 ಆಳು. ಹಬ್ಬಕ್ಕೆ ರಜ ಇರಲಿಲ್ವೇ?’ ಎಂದು ಗೊಣಗಿದರು. ಎರಡು ರಾಜ್ಯಗಳ ಗಡಿಯ ದೋಷವನ್ನು ಕೇಳಿ ಕಾವೇರಿ ನೆನಪಾಗಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಇನ್ನೊಂದು ಸಂಜೆ. ತೂಬು ಅಂದರೇನು ಹೇಳಿ, ನಾನು ಬೆಂಗಳೂರಿನ ನಲ್ಲಿ ನೀರು ಕುಡಿದವನು ಎಂದರು. ನಾನು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದೆ. ಎರಡು ಕಲ್ಲುಕಂಬ, ನಡುವೆ ತೂತಿರುವ ಅಡ್ಡಗಲ್ಲು, ತೂತಿನೊಳಗೆ ಇಳಿಬಿಟ್ಟ ಮರದ ಗಳು, ಗಳುವಿನ ತುದಿಗೆ ಬಿರಡೆ. ಕೆರೆ ತುಂಬಿದ್ದರೆ ಈಜಿಕೊಂಡು ಹೋಗಿ ಗಳು ಎತ್ತಬೇಕು. ಎಷ್ಟು ಎತ್ತಿದರೆ ಎಷ್ಟು ಗದ್ದೆಗೆ ಸಾಲುತ್ತದೆ, ಯಾರ ಗದ್ದೆಗೆ ಯಾವ ರಾತ್ರಿ, ಸುಗ್ಗಿಯಲ್ಲಿ ನೀರುಗಂಟಿಗೆ ಕಣದಲ್ಲಿ ಎಷ್ಟು ಹೊರೆ ಆಯ ಕೊಡಬೇಕು, ಅರ್ಧ ಗಂಟೆ ಹೇಳಿದೆ. ನಿಲ್ಲಿಸಿದಾಗ ರಾಯರು ಕೇಳಿದರು:

‘ಇದು ಯಾವ ಪುಟದಲ್ಲಿದೆ?’

‘ಪುಟದಲ್ಲಿಲ್ಲ ಸಾರ್. ಇದಕ್ಕೆ ರೆಫರೆನ್ಸ್ ಇಲ್ಲ.’

‘ನಿಮಗೆ ಯಾರು ಹೇಳಿದ್ದು?’

‘ನಮ್ಮಪ್ಪ. ಅವರೇ ನಮ್ಮೂರ ನೀರುಗಂಟಿ.’

ಎರಡೂವರೆ ವರ್ಷ ಕೆರೆಯ ಮೇಲೆ ಬರೆಯುತ್ತಿದ್ದವನು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಗೈಡಿಗೂ ಹೇಳಿರಲಿಲ್ಲ. ಯಾಕೆಂದು ಈಗ ಬಿಡಿಸಿ ಹೇಳುವುದು ಕಷ್ಟ. ಪುಸ್ತಕದ ಕೆರೆಗೆ ಅಪ್ಪನ ಕೆರೆಯ ಕೆಸರು ಹತ್ತಬಾರದು ಎಂಬಂತಿತ್ತು. ರಾಯರಿಗೆ ಇದೊಂದೂ ಸಂಕೋಚದ ವಿಷಯವಾಗಿ ಕಾಣಲಿಲ್ಲ. ‘ಸ್ಟೋರ್ಸಿನಲ್ಲಿ ಮಾಲು ಕಮ್ಮಿ ಬಂದ್ರೆ ನಾವು ಕೇಳೋದು ಸ್ಟೋರ್ ಕೀಪರನ್ನೇ ಹೊರತು ಸೆಕ್ರೆಟರಿನಲ್ಲ. ಭಾನುವಾರ ಊರಿಗೆ ಹೋಗಿ. ತಾರೀಕು ಹಾಕಿ ಬರ್ಕೊಳ್ಳಿ. ಸಹಿ ಮಾಡಿಸ್ಕೊಂಡು ಬನ್ನಿ.’

ಹೋದೆ. ರೈಟಿಂಗ್ ಪ್ಯಾಡ್ ಹಿಡಿದು ಎದುರಿಗೆ ಕೂತ ಮಗನನ್ನು ಕಂಡು ಅಪ್ಪನಿಗೆ ಕೈಕಾಲು ಆಡಲಿಲ್ಲ. ಅಂಗಿ ಹಾಕ್ಕೊಂಡು ಬತ್ತೀನಿ ಎಂದು ಒಳಗೆ ಹೋದರು.

‘ಇದ್ನೆಲ್ಲ ಬರ್ಕಂಡು ಯಾರ್ಗ್ ತೋರ್ಸೀಯಪ್ಪ?’

‘ನೀನು ಹೇಳು. ನೀರು ಕಮ್ಮಿ ಇದ್ದಾಗ ಯಾರಿಗೆ ಮೊದಲು ಬಿಡ್ತಿದ್ದೆ?’

‘ಕೊನೆಗದ್ದೆಗೆ.’

‘ತೂಬಿನ ಹತ್ತಿರದ ಗದ್ದೆಗೆ ಯಾಕಲ್ಲ?’

‘ತೂಬಿನ ಮಗ್ಗುಲಲ್ಲಿರೋನು ಹೆಂಗಾದ್ರೂ ಕದ್ಕತಾನೆ ಕಣ್ಲಾ. ಅವ್ನಿಗೆ ನಾನ್ಯಾಕ್ ಬುಡ್ಬೇಕು?’

ನೀರಾವರಿಯ ಮೇಲೆ ನಾನು ಓದಿದ್ದ ಯಾವ ಪುಸ್ತಕದಲ್ಲೂ ಈ ವಾಕ್ಯ ಇರಲಿಲ್ಲ. ಅದನ್ನು ಇಂಗ್ಲಿಷಿಗೆ ತರಲು ಒಂದು ವಾರ ಹಿಡಿಯಿತು. ರಾಯರು ಏಳು ಸಲ ವಾಪಸು ಮಾಡಿದರು. ‘ಕಣ್ಲಾ ಬಿಟ್ಟುಹೋಗಿದೆ’ ಎನ್ನುತ್ತಿದ್ದರು. ಅದು ಕೊನೆಗೂ ಇಂಗ್ಲಿಷಿಗೆ ಬರಲಿಲ್ಲ. ಮಿಕ್ಕದ್ದು ಬಂತು. ಅಡಿಟಿಪ್ಪಣಿಯಲ್ಲಿ ಅಪ್ಪನ ಹೆಸರು, ವಯಸ್ಸು, ಊರು, ಭಾನುವಾರದ ತಾರೀಕು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಬೇರೆ ಏನೇನೋ ಕೇಳಿ, ಕೊನೆಗೆ ಆ ಟಿಪ್ಪಣಿಗೆ ಬಂದು ನೀರುಗಂಟಿಯ ಆಯದ ಬಗ್ಗೆಯೇ ಇಪ್ಪತ್ತು ನಿಮಿಷ ಮಾತಾಡಿದರು.

ಅದು ಆಮೇಲಿನದು. ಒಪ್ಪಿಸುವ ಮುಂಚೆ, 1999ರ ನವೆಂಬರಿನಲ್ಲಿ, ಕೃತಜ್ಞತೆಯ ಪುಟ ಬರೆದು ಕೊನೆಯ ಹಾಫ್ ಮಾರ್ಜಿನ್ ಎಂದು ರಾಯರ ಮುಂದಿಟ್ಟೆ. ಗೈಡು, ಗ್ರಂಥಪಾಲಕರು, ಹೆತ್ತವರು ಆದ ಮೇಲೆ ರಾಯರಿಗೆ ಒಂದು ಇಡೀ ಪ್ಯಾರಾ. ತೀರಿಸಲಾಗದ ಋಣ, ಜ್ಞಾನದ ದೀವಿಗೆ, ಎಲ್ಲ ಇತ್ತು. ಹಸುವಿನ ಪ್ರಬಂಧ ಕಲಿತ ಕೈ ಅಷ್ಟು ಬೇಗ ಬಿಡುತ್ತದೆಯೇ? ರಾಯರು ಓದಿ, ಎಡಗಡೆ ‘ಎಷ್ಟು?’ ಎಂದು ಬರೆದರು. ಅದರ ಕೆಳಗೆ ‘ದಾಖಲೆ?’

‘ರಸೀದಿ ಇದೆ ಸಾರ್’ ಎಂದೆ. ಮನೆಯಿಂದ ತಂದಿದ್ದೆ ಕೂಡ. ಇಪ್ಪತ್ತೆಂಟು ರಸೀದಿ, ರಬ್ಬರ್ ಬ್ಯಾಂಡ್ ಹಾಕಿ. ಅವರು ಒಂದೊಂದಾಗಿ ಎಣಿಸಿದರು. ನಡುವೆ ಒಂದು ತಿಂಗಳು ಅವರಿಗೆ ಹುಷಾರಿಲ್ಲದೆ ಎರಡೇ ಪಾಠ ಆಗಿತ್ತು, ಆ ತಿಂಗಳು ಅರ್ಧ ಫೀಸು ವಾಪಸು ಕೊಟ್ಟದ್ದರ ಟಿಪ್ಪಣಿಯೂ ಅದರಲ್ಲಿತ್ತು. ಎಣಿಸಿ ಮುಗಿಸಿ, ನನ್ನ ಪ್ಯಾರಾವನ್ನು ಅಡ್ಡಗೀಟು ಎಳೆದು ಹೊಡೆದುಹಾಕಿ, ತಾವೇ ಒಂದು ವಾಕ್ಯ ಬರೆದುಕೊಟ್ಟರು.

ಡಿಟಿಪಿ ಹುಡುಗ ಅದನ್ನು ಟೈಪು ಮಾಡುತ್ತ ತಿರುಗಿ ನೋಡಿದ. ‘ಇಷ್ಟೇನಾ ಸಾರ್? ಈ ಪೇಜಿಗೆ ಎಲ್ಲರೂ ಎರಡೆರಡು ಶೀಟ್ ಕೊಡ್ತಾರೆ.’

ಇಷ್ಟೇ ಎಂದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಇದ್ದದ್ದು ಇದು: ಸರಸ್ವತಿಪುರಂನ ನಿವೃತ್ತ ಲೆಕ್ಕಪರಿಶೋಧಕರೊಬ್ಬರು 1997ರ ಜುಲೈಯಿಂದ ಎರಡು ವರ್ಷ ನಾಲ್ಕು ತಿಂಗಳು, ಮಂಗಳವಾರ ಮತ್ತು ಶುಕ್ರವಾರ, ಈ ಪ್ರಬಂಧದ ಎಲ್ಲ ಪುಟಗಳನ್ನು ಓದಿದರು.